ಪೈಪಿಗೊಂದು ತೂತು

ಟೇಪು ಹರಿಯುವ ಸದ್ದು, ಕರ್ರ್ ಅಂತ, ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದಾನೆ, ಕತ್ತರಿ ಅವನ ಮೊಣಕಾಲಿನ ಪಕ್ಕದಲ್ಲೇ ಬಿದ್ದಿದೆ, ನೀಲಿ ಹಿಡಿಯ ಕತ್ತರಿ, ಆದರೆ ಕಣ್ಣೆದುರಿಗಿರುವ ವಸ್ತು ಈ ಮನುಷ್ಯನಿಗೆ ಯಾವತ್ತು ಕಂಡಿದೆ, ಅರ್ಧ ಊರಿಗೆ ಕನ್ನಡಕ ಮಾಡಿಕೊಟ್ಟವಳ ಗಂಡ — ಅವಳು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಾಳೆ, ಕೂತು ಅಂದರೆ ಕೂರಿಸಿದ್ದಾರೆ, ಬಲಗೈ ಕೆಳಗೊಂದು ದಿಂಬು, ಬಲಗಾಲಿನ ಕೆಳಗೆ ಇನ್ನೊಂದು, ಸೊಂಟಕ್ಕೊಂದು, ಅಂಗಡಿಯಲ್ಲಿ ಅವಳು ಗಾಜು ಕಟ್ಟಿ ಕಳಿಸುತ್ತಿದ್ದ ಹಾಗೆ, ಒಡೆಯುವ ಸಾಮಾನು, ಎಚ್ಚರಿಕೆ. ಎದುರಿಗೆ ಅವಳ ಮೀನಿನ ತೊಟ್ಟಿ. ಅವಳದು. ಎಷ್ಟು ಉದ್ದ, ಎಷ್ಟು ಎತ್ತರ, ಎಷ್ಟು ದಪ್ಪದ ಗಾಜು, ಎಲ್ಲವನ್ನೂ ಅವಳೇ ಲೆಕ್ಕ ಹಾಕಿ, ಗಾಜಿನವನ ಹತ್ತಿರ ಜಗಳವಾಡಿ ಅಂಚು ಮತ್ತೆ ಉಜ್ಜಿಸಿ ತರಿಸಿದ್ದು, ತರಿಸಿದ ವಾರವೇ ತಲೆಯೊಳಗೆ ಏನೋ ಸಿಡಿದು ಸ್ನಾನದ ಮನೆಯಲ್ಲಿ ಬಿದ್ದಳು, ತೊಟ್ಟಿ ರಟ್ಟಿನ ಪೆಟ್ಟಿಗೆಯಲ್ಲೇ ಉಳಿಯಿತು, ಅವಳ ಮಾತೂ ಎಲ್ಲೋ ಪೆಟ್ಟಿಗೆಯಲ್ಲೇ ಉಳಿಯಿತು, ಇವತ್ತು ಭಾನುವಾರ, ಇವನಿಗೆ ಉತ್ಸಾಹ ಬಂದಿದೆ.

ಅತ್ತಿಗೆಗೆ ಎಷ್ಟು ಖುಷಿಯಾಗಿದೆ ನೋಡಣ್ಣ, ಮುಖ ನೋಡು — ನಾದಿನಿ, ಒದ್ದೆ ಕೈ ಸೆರಗಿಗೆ ಒರೆಸುತ್ತಾ ಅಡುಗೆಮನೆ ಬಾಗಿಲಲ್ಲಿ. ಖುಷಿ! ಈ ಮುಖವಾ? ಅರ್ಧ ಮುಖ ಜೋತುಬಿದ್ದಿದೆ, ಇನ್ನರ್ಧ ಹಲ್ಲು ಕಚ್ಚುತ್ತಿದೆ, ಇವಳಿಗೆ ಖುಷಿ ಕಾಣುತ್ತಿದೆ, ಇವಳ ಕನ್ನಡಕದ ನಂಬರ್ ಬದಲಾಗಿದೆ, ಕರೆದು ಕೂರಿಸಿ ಕಣ್ಣು ನೋಡಬೇಕು. ಅಂಗಡಿಯಲ್ಲಿ ಅವಳು ಎಷ್ಟು ಸಾವಿರ ಸಲ ಕೇಳಿದ್ದಾಳೋ, ಈಗ ಸರಿ ಕಾಣ್ತಾ, ಇಲ್ಲಾ ಹಿಂದಿನದೇ ಚೆನ್ನಾಗಿತ್ತಾ, ಈಗ ಮಾತು ಕಲಿಸಲು ಬರುವ ಹುಡುಗಿ ಅದೇ ದನಿಯಲ್ಲಿ ಅವಳನ್ನು ಕೇಳುತ್ತಾಳೆ, ಚಿತ್ರದ ಕಾರ್ಡು ಮೂಗಿನ ಮುಂದೆ ಹಿಡಿದು, ಇದೇನು ಹೇಳಿ ನೋಡೋಣ. ಛತ್ರಿ. ಆಸ್ಪತ್ರೆಯಲ್ಲಿ ಮೊದಲು ಬಾಯಿಂದ ಹೊರಬಂದದ್ದು ಅದೊಂದೇ, ನರ್ಸು ಚಪ್ಪಾಳೆ ಹೊಡೆದಳು, ಇವನು ಅತ್ತ, ಅಷ್ಟೇ, ಆ ದರಿದ್ರ ಛತ್ರಿ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು, ನೀರು ಅನ್ನಲು ಹೋದರೆ ಛತ್ರಿ, ನೋವು ಅನ್ನಲು ಹೋದರೆ ಛತ್ರಿ, ಒಳಗೆ ಮಾತುಗಳೆಲ್ಲ ಸಾಲಾಗಿ ಹೊಳೆಯುತ್ತಿವೆ, ಅಂಗಡಿಯ ಕಪಾಟಿನ ಫ್ರೇಮುಗಳ ಹಾಗೆ, ಬೇಕಾದ್ದನ್ನು ಕೈಚಾಚಿ ತೆಗೆದರೆ ಕೈಗೆ ಬರುವುದು ಛತ್ರಿ. ಬೆಳಿಗ್ಗೆ ಅವಳು ಎಡಗೈ ಎತ್ತಿ ತೊಟ್ಟಿಯ ಪೈಪು ತೋರಿಸಿ ಗಟ್ಟಿಯಾಗಿ ಹೇಳಿದಳು, ಈ ಪೈಪಿಗೆ ತೂತು ಕೊರೆದಿಲ್ಲ, ತೂತಿಲ್ಲದೆ ಹಾಕಬೇಡಿ ಅಂತ, ಹೊರಗೆ ಬಂದದ್ದು ಛತ್ರಿ, ಛತ್ರಿ, ಇವನು ಆಯ್ತು ಆಯ್ತು ಅಂದು ಒಳಗೆ ಹೋಗಿ ನಿಜವಾಗಿ ಛತ್ರಿಯನ್ನೇ ತಂದ! ಬಿಡಿಸಿ, ತಲೆಯ ಮೇಲೆ ಹಿಡಿದು, ಬಿಸಿಲು ಬೀಳ್ತಿದೆಯಾ ಕಣ್ಣಿಗೆ, ಅಂದ. ಈಗಲೂ ಅಲ್ಲೇ ನಿಂತಿದೆ, ಕಿಟಕಿಯ ಸರಳಿಗೆ ಸಿಕ್ಕಿಸಿದ ಕಪ್ಪು ಛತ್ರಿ, ಮನೆಯೊಳಗೆ.

ಆಯ್ತು. ಅದನ್ನೇ ಅವಳಿಗೆ ಸಹಿಸಲಾಗುತ್ತಿಲ್ಲ, ಕಾಲು ಬಿದ್ದುಹೋದದ್ದನ್ನು ಸಹಿಸಬಹುದು, ಈ ಆಯ್ತು ಅನ್ನುವುದನ್ನಲ್ಲ. ಮೊದಲು ಈ ಮನುಷ್ಯ ಯಾವತ್ತು ಆಯ್ತು ಅಂದಿದ್ದ? ಏನು ಹೇಳಿದರೂ ಒಂದು ಅಡ್ಡಮಾತು ತಯಾರಿರುತ್ತಿತ್ತು, ಮೀನಿಗೂ ಸಂಪಾ, ಮನುಷ್ಯರಿಗೇ ಒಂದು ಸಂಪು ಸಾಲದೆ ಸಾಯ್ತಿದೀವಿ, ಅಂದಿದ್ದ, ಸಂಪು ಅಂದರೆ ನೆಲದಡಿಯ ತೊಟ್ಟಿಯಲ್ಲ ರೀ, ಮೇಲಿನ ತೊಟ್ಟಿಯ ಕೊಳೆ ನೀರು ಅದರ ಕೆಳಗಿನ ಕಪಾಟಿನೊಳಗಿನ ಚಿಕ್ಕ ತೊಟ್ಟಿಗೆ ಇಳಿಯುತ್ತೆ, ಸ್ಪಂಜು ದಾಟಿ ಸೋಸಿಕೊಂಡು ಕೊನೆಗೆ ಮೋಟಾರಿನ ಹತ್ತಿರ ಬರುತ್ತೆ, ಮೋಟಾರು ಅದನ್ನ ಮತ್ತೆ ಮೇಲಕ್ಕೆ ತಳ್ಳುತ್ತೆ, ಅಷ್ಟೇ, ಅಂತ ಅವಳು ಬೆರಳಲ್ಲಿ ಮೇಜಿನ ಮೇಲೆ ಬರೆದು ತೋರಿಸಿದ್ದಳು, ಅವನು, ನಿನ್ನ ಮೀನು ಮನೆಯಲ್ಲಿ ನನಗಿಂತ ಸುಖವಾಗಿರ್ತಾವೆ, ನನ್ನ ನೀರು ಯಾರು ಸೋಸ್ತಾರೆ, ಅಂದಿದ್ದ, ಅವಳು, ನಿಮ್ಮ ಕೊಳೆ ಯಾವ ಸ್ಪಂಜಿಗೂ ಹೋಗಲ್ಲ ಅಂದಿದ್ದಳು, ನಕ್ಕು ನಕ್ಕು ಇಬ್ಬರ ಕಾಫಿಯೂ ಆರಿಹೋಯಿತು. ಜಗಳಗಂಟಿ ಅಂತಲೇ ಕರೆಯುತ್ತಿದ್ದ. ಏ ಜಗಳಗಂಟಿ, ಸಾಬೂನು ಎಲ್ಲಿ. ಈಗ ಪುಟ್ಟಾ ಅನ್ನುತ್ತಾನೆ. ಬಾಯಿ ತೆಗಿ ಪುಟ್ಟಾ. ಇನ್ನೊಂದು ತುತ್ತು ಪುಟ್ಟಾ. ಮೈಯೆಲ್ಲ ಉರಿಯುತ್ತದೆ, ಬಿದ್ದುಹೋದ ಬಲಗಡೆಯೂ ಉರಿಯುತ್ತದೆ, ಬಿದ್ದವಳು ಹೆಂಡತಿ, ಎತ್ತಿಕೊಂಡು ಬಂದದ್ದು ಯಾರನ್ನು? ಅವನು ಈ ಮನೆಗೆ ಬೇರೆ ಯಾರನ್ನೋ ತಂದು ದಿಂಬು ಇಟ್ಟು ಕೂರಿಸಿಕೊಂಡಿದ್ದಾನೆ, ಒಂದು ಒಳ್ಳೆಯ ಮಗು, ಅದರ ಜೊತೆ ಜಗಳ ಬೇಕಾಗಿಲ್ಲ.

ನೀರು ಬಿಡ್ತೀನಿ ನೋಡು ಪುಟ್ಟಾ. ಬಿಡು. ಕೊಳವೆಯ ಬಾಯಿ ಹಿಡಿದು ತೊಟ್ಟಿ ತುಂಬಿಸುತ್ತಿದ್ದಾನೆ, ತೊಳೆಯದ ಮರಳು ಕದಡಿ ನೀರು ಚಹಾ ಬಣ್ಣಕ್ಕೆ ತಿರುಗಿದೆ, ತೊಳಿ ಅಂತ ಅವಳು ಬಕೆಟ್ಟು ತೋರಿಸಿದ್ದಳು, ಅದಕ್ಕೆ ನಾದಿನಿ, ಬಾತ್‌ರೂಮಿಗೆ ಹೋಗಬೇಕಾ ಅತ್ತಿಗೆ, ಅಂದಿದ್ದಳು, ಆಗ ಬಂದ ಸಿಟ್ಟಿಗೆ ಬಕೆಟ್ಟು ಒದೆಯಬೇಕು ಅನ್ನಿಸಿತು, ಒದೆಯುವ ಕಾಲು ದಿಂಬಿನ ಮೇಲೆ ಮಲಗಿತ್ತು. ಮರಳು ಹೋಗಲಿ, ಎರಡು ದಿನಕ್ಕೆ ತಳಕ್ಕಿಳಿಯುತ್ತದೆ. ಸ್ಪಂಜು ಹಿಂದು ಮುಂದಾಗಿದೆ, ಅದೂ ಹೋಗಲಿ, ಆಮೇಲೆ ತೆಗೆದು ಇಡಬಹುದು. ಆದರೆ ಕೆಳಗಿನ ಸಂಪನ್ನೂ ಬಾಯಿಮಟ್ಟ ತುಂಬಿಸುತ್ತಿದ್ದಾನೆ, ತುಂಬಿದ್ರೆ ಒಳ್ಳೇದಲ್ವಾ, ಮೋಟಾರಿಗೆ ನೀರು ಸಾಲಲ್ಲ ಅನ್ನೋ ತಾಪತ್ರಯ ಇರಲ್ಲ, ಅಂತ ತಂಗಿಗೆ ಪಾಠ ಹೇಳುತ್ತಿದ್ದಾನೆ, ಮೇಲಕ್ಕೆ ಹೋಗುವ ಪೈಪಿನ ಬಾಯಿ ತೊಟ್ಟಿಯ ನೀರಿನೊಳಗೆ ಮೊಣಕೈಯಷ್ಟು ಆಳಕ್ಕೆ ಮುಳುಗಿದೆ, ಎಲ್ಲೂ ತೂತಿಲ್ಲ, ಮೋಟಾರು ಓಡುತ್ತಿರುವಷ್ಟು ಹೊತ್ತು ಸರಿ, ಕರೆಂಟು ಹೋದ ಕ್ಷಣ ಅದೇ ಪೈಪು ತಿರುಗಿ ಹೀರುತ್ತದೆ, ಮೇಲೆ ಕಳಿಸಿದ್ದನ್ನೆಲ್ಲ ಕೆಳಗೆ ಎಳೆದುಕೊಂಡು ಬರುತ್ತದೆ, ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ, ಕೆಳಗೆ ಜಾಗವಿಲ್ಲ, ಎಲ್ಲ ನೆಲಕ್ಕೆ. ನೀರಿನ ಮಟ್ಟದ ಒಂದಿಷ್ಟೇ ಕೆಳಗೆ ಒಂದು ಚಿಕ್ಕ ತೂತಿದ್ದರೆ ಸಾಕು, ಮಟ್ಟ ಇಳಿದು ತೂತಿಗೆ ಗಾಳಿ ಸಿಕ್ಕಿದ ಕೂಡಲೇ ಹೀರುವುದು ನಿಲ್ಲುತ್ತದೆ. ಇಷ್ಟೇ ವಿಷಯ. ಎರಡು ವಾಕ್ಯ. ಅವಳು ಬೆಳಿಗ್ಗೆಯಿಂದ ಆ ಎರಡು ವಾಕ್ಯ ಹೊತ್ತು ಕೂತಿದ್ದಾಳೆ, ಹೆರಲಾಗದ ಬಸುರಿಯ ಹಾಗೆ.

ಮೋಟಾರು ಹಚ್ಚಿದ. ಗುಂಯ್ ಅಂತ ಸದ್ದು, ಪೈಪು ಒಂದು ಸಲ ಕೆಮ್ಮಿತು, ನೀರು ಮೇಲಕ್ಕೇರಿತು, ಅಂಚು ದಾಟಿ ಸಂಪಿಗೆ ಇಳಿಯಿತು, ಸುತ್ತತೊಡಗಿತು — ಚೆನ್ನಾಗಿಯೇ ಸುತ್ತುತ್ತಿದೆ, ಹಾಳಾದ್ದು, ಅವಳ ಎದೆ ಒಂದು ಸಲ ತುಂಬಿ ಬಂತು, ಅವಳು ಕಾಗದದ ಮೇಲೆ ಮಾತ್ರ ಕಂಡಿದ್ದದ್ದು ಕಣ್ಣೆದುರಿಗೆ, ನಾದಿನಿ ಚಪ್ಪಾಳೆ ತಟ್ಟಿದಳು, ಮತ್ತೆ ಚಪ್ಪಾಳೆ, ಈ ಮನೆಯಲ್ಲಿ ಎಲ್ಲದಕ್ಕೂ ಚಪ್ಪಾಳೆ, ಇವನು ಹತ್ತಿರ ಬಂದು ಕೂತು ಅವಳ ಸತ್ತ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ನಿನ್ನ ತೊಟ್ಟಿ ರೆಡಿ, ಖುಷಿನಾ? ಅಂದ, ಕಣ್ಣಲ್ಲಿ ನೀರು ಬೇರೆ. ಅವಳು ಕೊನೆಯ ಸಲ ಪ್ರಯತ್ನಿಸಿದಳು. ತುಟಿ ಒದ್ದೆ ಮಾಡಿಕೊಂಡು, ನಾಲಗೆಯನ್ನು ಹಲ್ಲಿಗೆ ಒತ್ತಿ, ತ, ತ, ತೂ — ಛತ್ರಿ. ಆಯ್ತು ಪುಟ್ಟಾ, ಅಂದ. ಎದ್ದು ಕಿಟಕಿಯ ಛತ್ರಿಯನ್ನು ಇನ್ನಷ್ಟು ಬಗ್ಗಿಸಿದ.

ಸ್ವಿಚ್ ಬೋರ್ಡು ಅವಳ ಎಡಭುಜದ ಹತ್ತಿರ. ಎಡಗೈ ಅವಳದೇ, ಇನ್ನೂ ಅವಳ ಮಾತು ಕೇಳುವ ಕೈ, ಯೋಚಿಸಲಿಲ್ಲ ಅಂದರೆ ಸುಳ್ಳು, ಯೋಚಿಸಿದಳು, ಚೆನ್ನಾಗಿ ಯೋಚಿಸಿ ಒತ್ತಿದಳು. ಟಕ್. ಮೋಟಾರು ನಿಂತಿತು. ಅಯ್ಯೋ ಕರೆಂಟು ಹೋಯ್ತಾ, ನಾದಿನಿ ಫ್ಯಾನು ನೋಡಿದಳು, ಫ್ಯಾನು ತಿರುಗುತ್ತಲೇ ಇತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಪಾಟಿನೊಳಗೆ ಕುಲುಕುಲು ಸದ್ದು, ಸಂಪಿನ ನೀರು ಉಬ್ಬಿತು, ಅಂಚಿನ ಮೇಲೆ ಒಂದು ಕ್ಷಣ ನಡುಗಿ ನಿಂತಿತು, ಹರಿಯಿತು, ಕಪಾಟಿನ ಬಾಗಿಲಿನ ಕೆಳಗಿನಿಂದ ಚಹಾ ಬಣ್ಣದ ನಾಲಗೆ ಹೊರಗೆ ಬಂತು, ಚಾಪೆಯ ಅಡಿಗೆ, ಪೇಪರಿನ ಅಡಿಗೆ, ಅವನ ಚಪ್ಪಲಿ ತೇಲಿಸಿಕೊಂಡು. ಬಟ್ಟೆ ತಾರೇ, ಬಟ್ಟೆ! ಅವನು ಎಲ್ಲಿ ಒತ್ತಬೇಕು, ಎಲ್ಲಿ ಹಿಡಿಯಬೇಕು ತಿಳಿಯದೆ ಕಪಾಟನ್ನೇ ತಬ್ಬಿಕೊಂಡ, ತಲೆಯೆತ್ತಿದ, ಬೋರ್ಡಿನ ಮೇಲಿದ್ದ ಅವಳ ಕೈ ಕಂಡ. ಅವಳು ಕೈ ತೆಗೆಯಲಿಲ್ಲ. ಅಂಗೈ ಅಗಲಿಸಿ ಸ್ವಿಚ್ಚಿನ ಮೇಲೆ ಮುಚ್ಚಿ ಹಿಡಿದಳು. ನಾದಿನಿ ಟವೆಲ್ಲುಗಳ ರಾಶಿ ಹೊತ್ತು ಬಂದು, ಪಾಪ ಕೈ ತಗುಲಿರಬೇಕಣ್ಣ, ಅತ್ತಿಗೆಗೆ ಏನು ಗೊತ್ತಾಗುತ್ತೆ ಈಗ, ಅಂದಳು, ಅದು ಕಿವಿಗೆ ಕಾಯಿಸಿದ ಕಬ್ಬಿಣದ ಹಾಗೆ ಇಳಿಯಿತು, ಏನು ಗೊತ್ತಾಗುತ್ತೆ, ಈಗ, ಇನ್ನು ಮುಂದೆ ಯಾವಾಗಲೂ ಇದೇ —

ಗೊತ್ತಾಗದೆ ಏನು! ಅವನು ಕಿರುಚಿದ. ಬೇಕಂತಲೇ ಒತ್ತಿದಾಳೆ! ನನಗೆ ಗೊತ್ತಿಲ್ವಾ ಇವಳು? ಕೈ ನೋಡು, ಹೇಗೆ ಹಿಡಿದಿದಾಳೆ ನೋಡು! ಏನೇ, ಬೆಳಿಗ್ಗೆಯಿಂದ ಬೆನ್ನು ಮುರಕೊಂಡು ಮಾಡಿದೀನಿ, ಒಂದು ಗಳಿಗೆ ಸುಮ್ಮನಿದ್ದು ನೋಡೋಕಾಗಲ್ವಾ ನಿನಗೆ? ಕತ್ತಿನ ನರ ಉಬ್ಬಿದೆ, ಪ್ಯಾಂಟು ಮೊಣಕಾಲ ತನಕ ಒದ್ದೆ, ಆಸ್ಪತ್ರೆಯಿಂದ ಬಂದಮೇಲೆ ಇದೇ ಮೊದಲ ಸಲ ಅವಳ ಮೇಲೆ ದನಿ ಎತ್ತಿದ್ದಾನೆ, ಎತ್ತು, ಇನ್ನೂ ಎತ್ತು, ಅವಳ ಹೊಟ್ಟೆಯಾಳದಿಂದ ತಿಂಗಳುಗಟ್ಟಲೆಯ ಸಿಟ್ಟೆಲ್ಲ ಒಂದೇ ಸಲ ಮೇಲೆ ಬಂತು, ಪೈಪು ನೋಡೋ, ಕಣ್ಣು ಕಾಣಲ್ವಾ, ನಾನಿನ್ನೂ ಇಲ್ಲೇ ಇದೀನೋ — ಛತ್ರಿ! ಛತ್ರೀ! ಎಂಜಲು ಸಿಡಿಯಿತು. ಏನಂದೆ? ಅವನು ಎದ್ದೇ ನಿಂತ. ಯಾರಿಗೆ ಬೈತಿದೀಯ? ನನಗೆ? ಕಣ್ಣು ಕಾಣಲ್ವಾ ಅಂತೀಯಾ ನನಗೆ? ಛತ್ರಿ! ನೀನೇ, ನೀನೇ ಮೊಂಡಿ, ಜಗಳಗಂಟಿ! ಅಣ್ಣಾ, ಅಣ್ಣಾ, ಏನಿದು, ಕಾಯಿಲೆಯವರ ಹತ್ತಿರ, ಅಂತ ನಾದಿನಿ ಅವನ ತೋಳು ಜಗ್ಗಿದಳು, ನೀನು ಸುಮ್ಮನಿರೇ ಮಧ್ಯೆ, ಅಂದ.

ಅಷ್ಟರಲ್ಲಿ ಮೇಲೆ ತೊಟ್ಟಿಯಲ್ಲಿ ಗೊರಕೆಯಂಥ ಸದ್ದು, ಪೈಪಿನ ಬಾಯಿ ನೀರಿನಿಂದ ಹೊರಬಿದ್ದು ಗಾಳಿ ನುಂಗಿತು, ಕೆಳಗೆ ಹರಿಯುವುದು ತಟ್ಟನೆ ನಿಂತಿತು. ಅವನೂ ನಿಂತ. ಪೈಪು ನೋಡಿದ, ಅರ್ಧ ಖಾಲಿಯಾದ ತೊಟ್ಟಿ ನೋಡಿದ, ನೆಲ ನೋಡಿದ, ಕೊನೆಗೆ ಅವಳನ್ನು. ಇದೇ ಎಳಕೊಂಡು ಬಂತಾ? ಈ ಪೈಪೇ? ಅವಳು ಬೋರ್ಡಿನಿಂದ ಕೈ ತೆಗೆದು ಎಡದ ತೋರುಬೆರಳನ್ನು ಗಾಳಿಯಲ್ಲಿ ಒಂದು ಸಲ ತಿರುವಿದಳು, ಕೊರೆಯುವ ಹಾಗೆ. ಬೆಳಿಗ್ಗೆಯೇ ಇದನ್ನ ಮಾಡಿದ್ರೆ ಏನಾಗ್ತಿತ್ತೇ, ಅಂದ — ಮಾಡಿದ್ದಳು, ಮಾಡಿದಾಗ ಇವನು ಅಡುಗೆಮನೆಯಲ್ಲಿದ್ದ, ನಾದಿನಿ ಬೆರಳು ಹಿಡಿದು ಉಗುರು ಕತ್ತರಿಸಿದಳು, ಅದನ್ನೂ ಹೇಳಬೇಕು, ಒಂದಲ್ಲ ಒಂದು ದಿನ ಹೇಳಿಯೇ ಹೇಳುತ್ತಾಳೆ, ಎಲ್ಲರ ಸರದಿಯೂ ಇದೆ. ಅವನು ಗೊಣಗುತ್ತಾ ನೀರಿನಲ್ಲಿ ಪಚಪಚ ನಡೆದು ಮಾರ್ಕರ್ ಪೆನ್ನು ತಂದ, ಹಲ್ಲಿನಲ್ಲಿ ಮುಚ್ಚಳ ಕಚ್ಚಿ ತೆಗೆದ, ಬಿಳಿ ಪೈಪಿನ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟ. ಇಲ್ಲಿಯಾ? ಕೆಳಗಾಯಿತು, ತೀರ ಕೆಳಗೆ, ಅಲ್ಲಿ ಕೊರೆದರೆ ಮತ್ತೆ ಅರ್ಧ ಮನೆ ನೀರು, ಇಷ್ಟಾದ ಮೇಲೂ, ಕಣ್ಣಾರೆ ಕಂಡ ಮೇಲೂ, ಅವಳು ಕುರ್ಚಿಯ ಕೈಯನ್ನು ದಬದಬ ಬಡಿದಳು. ಬಡೀಬೇಡ, ಹೇಳು, ಅಂದ. ಬೆರಳು ಮೇಲೆ. ಒದ್ದೆ ಹೆಬ್ಬೆರಳಿಂದ ಚುಕ್ಕೆ ಉಜ್ಜಿದ, ಹೋಗಲಿಲ್ಲ, ಪೈಪಿಗೆ ಮಸಿ ಹರಡಿತು, ಅದರ ಮೇಲೆ ಇನ್ನೊಂದು ಚುಕ್ಕೆ. ಇಲ್ಲಿ? ಇನ್ನೂ ಮೇಲೆ, ಇನ್ನೂ, ಈ ಮನುಷ್ಯನಿಗೆ ಒಂದೇ ಸಲ ಹೇಳಿದರೆ ಯಾವತ್ತು ತಿಳಿದಿದೆ, ಬೆರಳು ಮೇಲೆ, ಚುಕ್ಕೆ ಮೇಲೆ, ಇಲ್ಲಿ ಅಂದ್ರೆ ಇಲ್ಲಿ, ಸರಿಯಾಗಿ ತೋರಿಸೇ, ತೋರಿಸುತ್ತಿದ್ದಾಳೆ, ಬಿಳಿ ಪೈಪಿನ ಮೇಲೆ ಕಪ್ಪು ಚುಕ್ಕೆ, ಅದರ ಮೇಲೆ ಇನ್ನೊಂದು, ಕಪ್ಪು ಚುಕ್ಕೆ, ಇನ್ನೊಂದಿಷ್ಟೇ ಮೇಲೆ, ಚುಕ್ಕೆ —