ಸೀಮೆಸುಣ್ಣದ ಗೆರೆಯೊಳಗಿನ ಸೇಬು

ತಮ್ಮದೇ ಕೋಣೆಯಲ್ಲಿ ಪರರ ಮನೆಗೆ ಬಂದವರಂತೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊಣಕೈ ಯಾವುದಕ್ಕೂ ತಾಗದ ಹಾಗೆ ಓರೆಯಾಗಿ ನಡೆಯುವ ಮನುಷ್ಯರೆಂದರೆ ನಾನು ಕಂಡಂತೆ ಒಬ್ಬರೇ: ನಮ್ಮ ಮಹಡಿ ಮನೆಯ ಡ್ರಾಯಿಂಗ್ ಮೇಷ್ಟ್ರು. ನಿವೃತ್ತರಾದ ಮೇಲೆ ಅವರು ಬರೆಯುತ್ತಿದ್ದದ್ದು ಕಿಟಕಿಯ ಪಕ್ಕದ ಒಂದೇ ಒಂದು ಮೇಜನ್ನು. ಅದರ ಮೇಲೊಂದು ಹೂಜಿ, ಮಡಿಸಿದ ಬಟ್ಟೆ, ಮೂರು ಸೇಬು. ಪ್ರತಿಯೊಂದರ ಬುಡದ ಸುತ್ತಲೂ ಸೀಮೆಸುಣ್ಣದ ಗೆರೆ. ಕೂದಲೆಳೆಯಷ್ಟು ಜರುಗಿದರೂ ಅವರಿಗೆ ಗೊತ್ತಾಗುತ್ತಿತ್ತು. ಸುಣ್ಣದ ಚೂರುಗಳ ಭಾರಕ್ಕೆ ಅವರ ಕಂದು ಕೋಟಿನ ಎಡಜೇಬು ಬಲಜೇಬಿಗಿಂತ ಎರಡು ಬೆರಳು ಕೆಳಗೆ ಜೋತಿತ್ತು. ಬಂದವರಿಗೆಲ್ಲ ಒಂದೇ ಸ್ವಾಗತ: "ನೋಡಿ, ಮುಟ್ಬೇಡಿ."

"ಮದುವೆ ಆಗಿದ್ದಿದ್ರೆ ಹೆಂಡ್ತಿ ಸುತ್ತಾನೂ ಗೆರೆ ಎಳೀತಿದ್ದ ಕಣೇ ಈ ಮಹಾರಾಯ," ಎಂದು ನನ್ನ ಅತ್ತೆ ನಗುತ್ತಿದ್ದರು.

ಏನೇ ಕೇಳಿದರೂ ಮೇಷ್ಟ್ರು ಕೇಳಿದವರ ಮುಖವನ್ನೇ ಅರ್ಧ ನಿಮಿಷ ದಿಟ್ಟಿಸಿ, ಆಮೇಲೇ ಬಾಯಿ ತೆರೆಯುವರು. ಹಾಲಿನವನು ಕಾದು ಸಾಕಾಗಿ ಹೊರಟುಹೋದದ್ದೂ ಉಂಟು.

ಅಂದು ನಮ್ಮ ಮನೆಗೆ ತಪ್ಪಿ ಬಂದಿದ್ದ ಅವರ ಕಾಗದವನ್ನು ಕೊಡಲು, ಮಗಳನ್ನು ಸೊಂಟಕ್ಕೇರಿಸಿಕೊಂಡು ಮಹಡಿ ಹತ್ತಿದೆ. ಎರಡು ತುಂಬದ ಮಗು. ನಾನೋ, ಅದು ಸೀನಿದರೂ ಡಾಕ್ಟರಿಗೆ ಫೋನ್ ಮಾಡುವವಳು. ಇಪ್ಪತ್ತು ದಿನಗಳಿಂದ ಅವರು ಬರೆಯುತ್ತಿದ್ದ ಚಿತ್ರ ಇನ್ನೇನು ಮುಗಿಯುವುದರಲ್ಲಿತ್ತು. ಮಗಳನ್ನು ಕೆಳಗಿಳಿಸಿ, ಚಿತ್ರದ ಸೇಬಿನ ಹೊಳಪಿಗೆ ಒಂದು ಕ್ಷಣ ಮೈಮರೆತೆ. ಕರಕ್ ಎಂಬ ಸದ್ದಿಗೆ ತಿರುಗಿದರೆ, ಮೇಜಿನಂಚು ಹಿಡಿದು ನಿಂತವಳ ಬಾಯಿ ತುಂಬ ಸೇಬು!

ಹಿಂದಿನ ವಾರವಷ್ಟೇ ಅವರು ಡಬ್ಬಿಯಿಂದ ಏನನ್ನೋ ತೆಗೆದು ಆ ಹಣ್ಣುಗಳಿಗೆ ತಿಕ್ಕುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಬಾಯಿಗೆ ಬೆರಳು ಹಾಕಿದೆ. ಮಗು ಆಗಲೇ ನುಂಗಿತ್ತು.

"ಏನ್ ಸಾರ್ ಹಚ್ಚಿದ್ದೀರಿ ಇದಕ್ಕೆ? ಬೇಗ ಹೇಳಿ ಸಾರ್!"

ಅವರು ಎಂದಿನಂತೆ ನನ್ನ ಮುಖ ನೋಡಿದರು. ಆದರೆ ಅರ್ಧ ನಿಮಿಷ ನೋಡಲಿಲ್ಲ. ಬೆನ್ನ ಹಿಂದಿನ ಕೈ ಬಿಚ್ಚಿತು. ಮಗುವಿನ ಕೈಯ ಸೇಬನ್ನು ಕಸಿದು, ಅದು ಕಚ್ಚಿದ ಪಕ್ಕದಲ್ಲೇ, ಸಿಪ್ಪೆ ಸಮೇತ ಕಚ್ಚಿ, ಅಗಿದು, ನುಂಗಿಬಿಟ್ಟರು. ಅವರ ಮಾತು ಆಮೇಲೆ ಬಂತು.

"ಜೇನುಮೇಣ ಕಣಮ್ಮ. ಹೊಳಪಿಗೆ ಬರೀ ಜೇನುಮೇಣ. ಏನೂ ಆಗಲ್ಲ."

"ನಿಮ್ಮ ಚಿತ್ರ..." ಎಂದು ತೊದಲಿದೆ.

ಅವರು ಸೇಬನ್ನು ಅದರ ಗೆರೆಯೊಳಗೇ ಇಟ್ಟು, ಕಚ್ಚಿದ ಕಡೆಯನ್ನು ಕಿಟಕಿಗೆ ತಿರುಗಿಸಿದರು. ಬಿಳಿಯ ತಿರುಳು ಕಣ್ಣೆದುರೇ ಕಂದತೊಡಗಿತ್ತು.

"ಬಣ್ಣ ತಿರುಗೋದ್ರೊಳಗೆ ಬರೀಬೇಕು. ಪಾಪುನ ಎತ್ಕೊಳ್ಳಿ, ಬೆಳಕಿಗೆ ಅಡ್ಡ ನಿಂತಿದ್ದಾಳೆ."

ಇಪ್ಪತ್ತು ದಿನ ಬರೆದ ಸೇಬನ್ನು ಅವರು ಚಿತ್ರದ ಮೇಲಿಂದ ಚಾಕುವಿನಿಂದ ಕೆರೆದು ತೆಗೆಯುವಾಗ ಕಣ್ಣು ಮುಚ್ಚಿಕೊಂಡವಳು ನಾನು.

ಆ ಚಿತ್ರ ಈಗ ನಮ್ಮ ಗೋಡೆಯ ಮೇಲಿದೆ. ಸೇಬಿನಲ್ಲಿ ಒಂದು ದೊಡ್ಡ ಕಚ್ಚು. ಪಕ್ಕದಲ್ಲಿ ಅಕ್ಕಿಕಾಳಿನಂಥ ನಾಲ್ಕು ಹಲ್ಲುಗಳ ಗುರುತು. ಆ ಹಾಲುಹಲ್ಲುಗಳು ಕಳೆದ ವರ್ಷ ಉದುರಿಹೋದವು. ಒಂದು ಮೇಜಿನ ಮುಂದೆ ಜನ್ಮ ಸವೆಸುವ ಇಂಥವರನ್ನು ನಾವು ಜಡಭರತರೆಂದು ನಗುತ್ತೇವೆ. ಹಣ್ಣು ಕಂದುವುದನ್ನು ದಿನದಿನವೂ ಕಂಡುಂಡ ಅವರಿಗೆ, ಯಾವುದೂ ಇಟ್ಟಲ್ಲಿ ಇರುವುದಿಲ್ಲವೆಂಬುದು ನಮಗಿಂತ ಮೊದಲೇ ಗೊತ್ತು. ಅದಕ್ಕೇ ಗಳಿಗೆ ಬಂದಾಗ, ನಾವು ಕೈ ಹಿಸುಕಿಕೊಳ್ಳುತ್ತ ನಿಂತಿರುವಾಗ, ತಾವೇ ಎಳೆದ ಗೆರೆಯನ್ನು ದಾಟಿ ಕಚ್ಚಬಲ್ಲವರು ಅವರೇ.