ಮೂರನೆಯ ಸಮಿತಿ

"ಇದು ನಿಮ್ಮ ಬರಹವೇ ಅಲ್ಲ ಮಾಸ್ಟ್ರೇ," ಎಂದು ಮಣಿಪಾಲದ ಕಂಪ್ಯೂಟರ್ ಕೇಂದ್ರದ ಲೊರ್ನಾ ಪ್ರಿಂಟರಿನಿಂದ ಹಾಳೆ ಹರಿದು ಕೊಟ್ಟಳು. ಬಂಗುಡೆ, ಬೂತಾಯಿ ಎಂಬ ಮೀನಿನ ಹೆಸರುಗಳು ಇರಬೇಕಾದಲ್ಲಿ ಒಂದರ ಮೇಲೊಂದು ಬಿದ್ದ ಅಕ್ಷರಗಳು, ಬಲೆಯ ತಳದಲ್ಲಿ ಕೊಳೆತ ಮೀನಿನ ಹಾಗೆ.

ಕೂಸಪ್ಪ ಮಾಸ್ತರರು ಕನ್ನಡಕ ತೆಗೆದರು. ಹೆಜಮಾಡಿಯ ಮೀನುಗಾರ ಅಂಗಾರನ ಬಾಯಿಂದ ಹನ್ನೆರಡು ವರ್ಷ ಕೇಳಿ ಬರೆದುಕೊಂಡ ನಾಲ್ಕು ಸಾವಿರ ಕಡಲಿನ ಮಾತುಗಳು ಅವರು ತಂದ ಫ್ಲಾಪಿಗಳಲ್ಲಿದ್ದವು. ಅಂಗಾರ ತೀರಿಕೊಂಡು ವರ್ಷವಾಗಿತ್ತು. ಯಂತ್ರಕ್ಕೆ ಸೇರಿದ ಮೇಲೆ ಕಾಗದ ಬೇಡವೆಂದ ಉಡುಪಿಯ ಕಂಪ್ಯೂಟರ್ ಲಿಪಿ ಸಮಿತಿಯ ಸುತ್ತೋಲೆ ನಂಬಿ, ಕೈಬರಹದ ಚೀಟಿಗಳನ್ನು ಅವನ ಮಗಳು ಸರಸಳಿಗೆ ಒಣಮೀನು ಕಟ್ಟಲು ಕೊಟ್ಟುಬಿಟ್ಟಿದ್ದರು.

"ಉಡುಪಿ ಸಮಿತಿ ಅಕ್ಷರಕ್ಕೊಂದು ಸಂಖ್ಯೆ ಇಟ್ಟಿತು, ನಿಮ್ಮದು ಹಾಗೆ ಟೈಪಾಯಿತು. ಕಾರ್ಕಳ ಸಮಿತಿಯದ್ದು ಬೇರೆಯೇ ಸಂಖ್ಯೆ. ನಮ್ಮ ಮಣಿಪಾಲದ ಯಂತ್ರ ಓದುವುದು ಕಾರ್ಕಳದ್ದನ್ನು ಮಾತ್ರ."

"ಉಡುಪಿಯ ಯಂತ್ರ ಉಂಟಲ್ಲ?"

"ಎಲ್ಲಿ ಉಂಟು? ಬಾಡಿಗೆಗೆ ಕೊಟ್ಟ ಕಂಪೆನಿಯವರು ಹೋದ ತಿಂಗಳೇ ಹೊತ್ತುಕೊಂಡು ಹೋದರು. ಉಡುಪಿಯ ಸಂಖ್ಯೆಗಳ ಪಟ್ಟಿ ತನ್ನಿ, ನಮ್ಮ ಸಂಖ್ಯೆಗೆ ತಿರುಗಿಸಿ ಕೊಡ್ತೇನೆ. ಹೃಷೀಕೇಶ ರಾಯರಲ್ಲಿ ಉಂಟು. ಎರಡೂ ಸಮಿತಿಗೆ ಅವರೇ ಕಾರ್ಯದರ್ಶಿ."

ಉಡುಪಿ ಬನ್ನಂಜೆಯ ತಮ್ಮ ಮನೆಯ ಜಗಲಿಯಲ್ಲಿ ರಾಯರು ಎಣ್ಣೆಯಲ್ಲಿ ಕರಿದ ಗೋಳಿಬಜೆ ತಿನ್ನುತ್ತಿದ್ದರು.

"ಎಂತ ಮಾಡುವುದು ಮಾರಾಯ್ರೇ, ಉಡುಪಿಯವರಿಗೂ ಬೇಜಾರಾಗಬಾರದು, ಕಾರ್ಕಳದವರಿಗೂ ಆಗಬಾರದು. ಎರಡಕ್ಕೂ ಸಹಿ ಹಾಕಿದೆ."

"ಎರಡೂ ಬೇರೆ ಎಂದು ಗೊತ್ತಿದ್ದೂ?"

"ಹೋಳಿಗೆ ಊಟ ಹಾಕಿಸಿದವರಿಗೆ ಇಲ್ಲ ಎನ್ನಲಿಕ್ಕೆ ಆಗ್ತದಾ?"

"ಪಟ್ಟಿ ಕೊಡಿ, ಸಾಕು."

"ಈಗ ಸಮನ್ವಯಕ್ಕೆಂದು ಮೂರನೆಯ ಸಮಿತಿ ಆಗಿದೆ, ಅಲ್ವಾ? ಅದರ ತೀರ್ಮಾನದವರೆಗೆ ಹಳೆಯ ಪಟ್ಟಿ ಹೊರಗೆ ಹೋಗುವ ಹಾಗಿಲ್ಲ. ನೀವೇ ಅಧ್ಯಕ್ಷರಾಗಿ! ತೆಗೆದುಕೊಳ್ಳಿ, ಬಿಸಿ ಉಂಟು."

ರಾಯರು ತಟ್ಟೆಯನ್ನು ಮುಂದೆ ದೂಡಿ, ಎಣ್ಣೆಯ ಬೆರಳಿನಲ್ಲೇ ಹೊಸ ಸಮಿತಿಯ ಠರಾವಿನ ಹಾಳೆ ಮಗುಚಿದರು. ಹಾಳೆಯ ಮೇಲೆ ಹಳದಿ ಕಲೆ ಮೆಲ್ಲನೆ ಹರಡಿತು. ಈ ಮನುಷ್ಯನಿಗೆ ಹೇಸಿದ್ದಕ್ಕಿಂತ, ಇವನ ಸುತ್ತೋಲೆ ಓದಿ ಚೀಟಿಗಳನ್ನು ಗೋಣಿಗೆ ತುಂಬಿದ ತಮ್ಮ ಕೈಗಳಿಗೇ ಮಾಸ್ತರರು ಹೆಚ್ಚು ಹೇಸಿದರು. ತಟ್ಟೆಯನ್ನು ಹಿಂದಕ್ಕೆ ಸರಿಸಿ ಮೆಟ್ಟಿಲಿಳಿದರು.

ಹೆಜಮಾಡಿಯಲ್ಲಿ ಬಸ್ಸಿಳಿದಾಗ ಸರಸ ದಾರಿಯ ಬದಿಯಲ್ಲೇ ಬುಟ್ಟಿ ಇಟ್ಟು ಕುಳಿತಿದ್ದಳು.

"ಸರಸಾ, ನಾನು ಕೊಟ್ಟ ಕಾಗದ?"

"ಒಳ್ಳೆ ಗಟ್ಟಿ ಕಾಗದ ಮಾಸ್ಟ್ರೇ. ಒಂದು ಗೋಣಿ ಮುಗಿಯಿತು. ಇನ್ನು ಅರ್ಧ ಗೋಣಿ ಉಂಟು. ಎಂತ, ಬೇಕಿತ್ತಾ?"

ಮಾಸ್ತರರು ಧೂಳಿನಲ್ಲೇ ಕುಕ್ಕುರುಗಾಲಲ್ಲಿ ಕುಳಿತರು. ಕಟ್ಟಿಟ್ಟ ಪೊಟ್ಟಣವೊಂದನ್ನು ಬಿಚ್ಚಿ, ಒಣಸೀಗಡಿಯನ್ನು ಬುಟ್ಟಿಗೆ ಸುರಿದು, ನಾರುವ ಚೀಟಿಯನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ಸವರತೊಡಗಿದರು.