ತೊಳೆಸಿಕೊಳ್ಳದ ಡಿಸ್ಕ್

ಗುಬ್ಬಿಯಿಂದ ಬಂದ ಕಂಪ್ಯೂಟರು ಉಝ್ಮಾಳ ಮೇಜಿನ ಮೇಲೆ ಎರಡು ದಿನದಿಂದ ಮಲಗಿತ್ತು. ಅದರ ಜಾಲರಿಯ ತುಂಬ ನೂಲಿನ ಧೂಳು. ಊದಿದರೆ ಬಟವಾಡಿಯ ಆ ಸಣ್ಣ ರಿಪೇರಿ ಅಂಗಡಿಯೊಳಗೆ ಕೆಂಪು, ಹಸಿರು, ಜರಿಯ ಹೊಂಬಣ್ಣದ ಎಳೆಗಳು ಎದ್ದು, ಕೆಳಗಿಳಿಯುವುದನ್ನೇ ಮರೆತು ತೇಲಿದವು.

ಅದರ ಒಡತಿ ಮಾಲಿನಿ ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು. ಗುಬ್ಬಿಯಲ್ಲಿ ಅವಳದು ಬ್ಲೌಸ್ ವರ್ಕಿನ ಅಂಗಡಿ. ಈ ಕಂಪ್ಯೂಟರು ಹೇಳಿದಂತೆ ಅಲ್ಲಿನ ಎಂಬ್ರಾಯ್ಡರಿ ಮಿಷನ್ನು ಹೊಲಿಯುತ್ತದೆ.

"ಹೂವಿನ್ ಮಧ್ಯ ನಿಂತ್ಬುಡುತ್ತೆ ಕಣಮ್ಮ. ಸೂಜಿ ಮೇಲೇ ಇರುತ್ತೆ, ಏನೋ ಯೋಚ್ನೆ ಮಾಡ್ದಂಗೆ. ಆಮೇಲೆ ಅದೇ ಶುರು ಮಾಡ್ಕೊಳುತ್ತೆ."

"ಎಲ್ಲಾ ತುಂಬಿಡೋ ಡ್ರೈವು, ಈ ಎಸ್‌ಎಸ್‌ಡಿ, ದಣಿದಿದೆ ಅಕ್ಕ. ಒಂದ್ಸಲ ಕ್ಲೀನ್ ಮಾಡಿದ್ರೆ ಸರಿಹೋಗುತ್ತೆ. ಆದ್ರೆ ಕ್ಲೀನ್ ಮಾಡೋ ಸಾಫ್ಟ್‌ವೇರೇ ಇದ್ರಲ್ಲಿ ಓಡ್ತಿಲ್ಲ."

ಕೇಬಲ್ ಬದಲಿಸಿದ್ದಳು, ಹಳೆಯ ಆವೃತ್ತಿ ಹಾಕಿ ನೋಡಿದ್ದಳು. ಪ್ರತಿ ಸಲವೂ ಒಂದೇ ಉತ್ತರ: ಇಲ್ಲಿ ಯಾವ ಡ್ರೈವೂ ಇಲ್ಲ. ಅದೇ ಡ್ರೈವಿನ ಮೇಲೆ ಕೂತುಕೊಂಡೇ ಹಾಗೆ ಹೇಳುತ್ತಿತ್ತು.

"ನಮ್ಮನೆಯವ್ರೂ ಈ ಕ್ಲೀನ್ ಮಾಡೋದನ್ನ ಓಡ್ಸಕ್ಕೆ ನೋಡಿದ್ರು," ಎಂದಳು ಮಾಲಿನಿ. "ಅತ್ತೆ ಹೋದ್ರಲ್ಲ, ಶಿವಗಣಾರಾಧನೆಗೆ ಮುಂಚೆ ಮನೆಯೆಲ್ಲ ತೊಳುದ್ವಿ. ಇವ್ರು ಕಂಪ್ಯೂಟರೂ ತೊಳುದ್ರು. 'ಹಳೇದು' ಅಂತ ಒಂದು ಫೋಲ್ಡರ್ ಇತ್ತು. ಡಿಲೀಟ್ ಮಾಡಿ, ಕಂಪ್ಯೂಟರಿನ ಕಸದ್ ಬುಟ್ಟೀನೂ ಖಾಲಿ ಮಾಡುದ್ರು."

"ಏನಿತ್ತು ಅದ್ರಲ್ಲಿ?"

"ಅತ್ತೆ ಡಿಸೈನು. ನೂರಾ ಹನ್ನೊಂದು." ಬಸ್ಸಿನ ಹೊತ್ತು ಹೇಳುವವಳಂತೆ ಹೇಳಿದಳು. "ಅವ್ರು ಕಾಗ್ದದ ಮೇಲೆ ಬರೆಯೋರು, ನಾನು ಪಕ್ಕ ಕೂತು ಕಂಪ್ಯೂಟರ್‌ಗೆ ಹಾಕ್ತಿದ್ದೆ. ಹಾಕಾದ್ಮೇಲೆ ಇದ್ಯಾಕೆ ಅಂತ ಕಾಗ್ದ ಒಲೆಗೆ. ಬೇರೆಯೋರೆಲ್ಲ ನವಿಲಿನ ಮೈಯಿಂದ ಹೊಲಿತಾರೆ. ಇವ್ರಿಗೆ ಕಣ್ಣೇ ಮೊದ್ಲಾಗ್ಬೇಕು. ಕಣ್ಣಿಲ್ದೆ ಅದಕ್ಕೆ ತನ್ನ ಮೈ ಹೆಂಗೆ ಕಾಣುತ್ತೆ ಅನ್ನೋರು. ದಾರ ಎರಡ್ಸಲ ಬದಲಾಯಿಸ್ಬೇಕು, ದಿನಾ ಅದೇ ಜಗಳ ನಮ್ಗೆ."

"ಬೈಲಿಲ್ವಾ ನಿಮ್ಮನೆಯವ್ರಿಗೆ?"

"ಏನಂತ ಬೈಲಿ? ಅವ್ರ್ ತಾಯಿ. ಅಳ್ಸಿದ್ದೇನು ಅಂತ ಗೊತ್ತಾದ್ಮೇಲೆ ಎರಡು ದಿನ ಊಟ ಬುಟ್ಟಿದ್ರು."

ಉಝ್ಮಾ ಹೂಂಗುಟ್ಟಿದಳು. ಅರ್ಧ ಮನಸ್ಸು ಡ್ರೈವಿನಲ್ಲೇ ಇತ್ತು. ಕೊನೆಗೆ ಅದನ್ನು ಬಿಚ್ಚಿ, ತನ್ನದೇ ಹೊಸ ಕಂಪ್ಯೂಟರಿಗೆ ಜೋಡಿಸಿದಳು. ಸಾಫ್ಟ್‌ವೇರು ತಕ್ಷಣ ಗುರುತು ಹಿಡಿಯಿತು. ಪರದೆಯ ಮೇಲೆ ಡ್ರೈವಿನ ಹೆಸರು, ಅದರ ಕೆಳಗೆ ಕೊಳದಂಥ ನೀಲಿ ಬಟನ್.

"ಸಿಕ್ತು ಅಕ್ಕ! ನಿಮ್ ಮದರ್‌ಬೋರ್ಡ್ ತುಂಬಾ ಹಳೇದು. ಡಿಲೀಟ್ ಆದ ಜಾಗಾನ ನಿಜವಾಗ್ಲೂ ಅಳಿಸು ಅನ್ನೋ ಮಾತನ್ನ ಅದು ಡ್ರೈವಿಗೆ ದಾಟಿಸೋದೇ ಇಲ್ಲ. ಅದಕ್ಕೇ ಇದು ಓಡ್ತಿರ್ಲಿಲ್ಲ."

ಬೆರಳು ಮೌಸಿನ ಮೇಲಿತ್ತು. ಹೊರಗೆ ಸಿಟಿ ಬಸ್ಸೊಂದು ನಿಟ್ಟುಸಿರು ಬಿಟ್ಟು ನಿಂತಿತು. ಆ ಮೌನದಲ್ಲಿ ತಾನಾಡಿದ ಮಾತು, ಬೇರೆ ಯಾರೋ ಆಡಿದಂತೆ, ಅವಳಿಗೇ ಮರಳಿ ಕೇಳಿಸಿತು.

"ಅಕ್ಕ, ಡಿಲೀಟ್ ಮಾಡಿ ಎಷ್ಟು ದಿನ ಆಯ್ತು?"

"ಇಪ್ಪತ್ತಾಗಿರ್ಬೇಕು."

"ಆಮೇಲೆ ಹೊಸದೇನಾದ್ರೂ ತುಂಬಿದ್ರಾ?"

"ಕೊತ್ತಗೆರೆ ಮದ್ವೆಗೆ ಅಂತ ಎರಡು ಬ್ಲೌಸಿಂದು. ಅಷ್ಟೇ. ಯಾಕಮ್ಮ?"

ಉಝ್ಮಾ ಬೆರಳು ತೆಗೆದಳು. ಕಂಪ್ಯೂಟರು ಆರಿಸಿ, ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡಳು. ಬೆಂಕಿಪೊಟ್ಟಣದಷ್ಟು ಹಗುರ. ಹಿಂದಿನ ಹಾರ್ಡ್‌ಡಿಸ್ಕುಗಳಾದರೂ ಕಿವಿಗೊಟ್ಟರೆ ಗೊಣಗುತ್ತಿದ್ದವು. ಇದು ಉಸಿರೂ ಕೇಳಿಸದಂತೆ ನಿದ್ದೆಹೋಗಿತ್ತು.

"ಬಾಗ್ಲ ಮುಂದಿನ ಹೆಸರಿನ ಹಲಗೆ ಮಾತ್ರ ಕಿತ್ತಿದಾರೆ ಅಕ್ಕ. ಒಳಗಿರೋರು ಇನ್ನೂ ಒಳಗೇ ಇರ್ಬೋದು. ನಾನು ಈಗ ಆ ಬಟನ್ ಒತ್ತಿದ್ದಿದ್ರೆ ಡಿಸೈನೆಲ್ಲ ನಿಜವಾಗ್ಲೂ ಅಳಿಸ್ಹೋಗ್ತಿತ್ತು."

ಮಾಲಿನಿ ಎದ್ದು ನಿಂತಳು. ಡ್ರೈವನ್ನು ಮುಟ್ಟಲು ಹೋಗಿ ಕೈ ಹಿಂದೆಗೆದಳು. "ತೊಳೆಸ್ಕೊಳ್ಳಲ್ಲ ಅಂತ ಕೂತಿತ್ತು ನೋಡು," ಎಂದು ನಕ್ಕು, ಸೆರಗಿನಿಂದ ಮೂಗೊರೆಸಿಕೊಂಡಳು. "ಅತ್ತೆದೇ ಹಟ."

ಡ್ರೈವಿನ ಮೇಲೆ ಒಂದಕ್ಷರವನ್ನೂ ಬರೆಯದೆ, ಓದುವುದಷ್ಟನ್ನೇ ಮಾಡಿ, ಉಝ್ಮಾ ಇದ್ದಬದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡಳು. ಸಂಜೆಯ ಹೊತ್ತಿಗೆ ಅರವತ್ತು ಚಿಲ್ಲರೆ ಫೈಲುಗಳು ಮೇಲೆದ್ದು ಬಂದವು. ಒಂದಕ್ಕೂ ಹೆಸರಿಲ್ಲ, ಬರೀ ಅಂಕಿ. ಮಾಲಿನಿ ಹೊರಗಿನಿಂದ ಕೊಂಡಿದ್ದ ಡಿಸೈನುಗಳೂ ಅವುಗಳಲ್ಲಿ ಬೆರೆತಿರಬಹುದು. ಯಾವುದು ಯಾರದ್ದೆಂದು ಹೊಲಿದೇ ನೋಡಬೇಕು.

ಮರುದಿನ ಬೆಳಗ್ಗೆ ಉಝ್ಮಾ ಗುಬ್ಬಿಗೆ ಹೋಗಿ, ಹೊಸ ಡಿಸ್ಕು ಹಾಕಿದ ಕಂಪ್ಯೂಟರನ್ನು ಮಿಷನ್ನಿಗೆ ಜೋಡಿಸಿದಳು. ಮಾಲಿನಿ ಫ್ರೇಮಿಗೆ ಬಿಳಿ ಬಟ್ಟೆ ಬಿಗಿದಳು. ಅವಳ ಗಂಡ ರೇಣುಕಾಪ್ರಸಾದ್ ಹೊಸಿಲಿನಾಚೆ ನಿಂತಿದ್ದ. ಒಳಗೆ ಬರಲಿಲ್ಲ.

ಮೊದಲ ಫೈಲು ಅಂಚಿನಿಂದ ಶುರುವಾಗಿ ಮಾವಿನಕಾಯಿಯಾಯಿತು. "ಕೊಂಡಿದ್ದು," ಎಂದಳು ಮಾಲಿನಿ. ಎರಡನೆಯದು ಅರ್ಧ ಬಳ್ಳಿ ಹೊಲಿದು, ಅಲ್ಲಿಂದಾಚೆ ಬರೀ ಗಂಟು. ಹೊಸಿಲಿನಲ್ಲಿ ರೇಣುಕಾಪ್ರಸಾದ್ ಕಾಲು ಬದಲಿಸಿದ.

ಮೂರನೆಯದರಲ್ಲಿ ಸೂಜಿ ಬಟ್ಟೆಯ ಉದ್ದಕ್ಕೂ ಏನನ್ನೂ ಹೊಲಿಯದೆ ನಡೆದುಹೋಯಿತು. ಮೇಲಿನ ಮೂಲೆಯಲ್ಲಿ ತಂಗಿತು. ಅಲ್ಲೇ ಸುತ್ತಿ ಸುತ್ತಿ ಸಾಸಿವೆಯಷ್ಟು ಕಪ್ಪು ಬಿಂದು ಹೊಲಿದು, ದಾರ ಬದಲಿಸಲೆಂದು ನಿಂತಿತು. ಸುತ್ತ ಎಲ್ಲೂ ಇನ್ನೂ ಮೈಯಿಲ್ಲ. ಅಷ್ಟಗಲದ ಬಿಳಿಯಲ್ಲಿ ಆ ಕಣ್ಣೊಂದೇ ಮೂವರನ್ನೂ ನೋಡುತ್ತಿತ್ತು.

ಮಾಲಿನಿ ಹಸಿರು ದಾರ ಪೋಣಿಸತೊಡಗಿದಳು. ಎರಡು ಸಲ ತಪ್ಪಿತು.

"ಚಪ್ಪಲಿ ಬುಟ್ಟು ಒಳಕ್ಕೆ ಬನ್ರೀ," ಎಂದಳು, ತಿರುಗಿ ನೋಡದೆ.